ವಲ್ಲಿಯ ಕೆಳಗಿನ ದರ

ಎರೆಕೊಪ್ಪ,
ಕಡಲು ಬಂದ ಇನ್ನೂರ ಹದಿನಾರನೇ ವರ್ಷ,
ಬಿಸಿಲಮಾಸದ ಮೂವತ್ತೆಂಟನೇ ತಾರೀಖು.

ನಮಗಿಂತ ಮುಂಚೆ ಇದೇ ನೆಲದ ಮೇಲೆ ಓಡಾಡಿದ ಹಿರಿಯರಿಗೆ ಎರೆಕೊಪ್ಪದ ಅಡಿವೆಪ್ಪನ ಶರಣು.

ಮೊದಲಿಗೆ ನಾನು ಯಾರೆಂದು ಹೇಳಿಬಿಡುತ್ತೇನೆ. ಸಮುದ್ರವನ್ನು ಘಟ್ಟದ ಬುಡದ ತನಕ ಕರೆದುಕೊಂಡು ಬಂದವನು ನಾನೇ. ಅದು ಕಾರವಾರದ ಆಚೆ ಕೆಲಸವಿಲ್ಲದೆ ಬಿದ್ದುಕೊಂಡಿತ್ತು. ನಾನು ಹೋಗಿ ಮೂಗುದಾರ ಹಾಕಿ ಎಳೆದು ತಂದೆ. ಇನ್ನೊಂದು ಹಿಡಿ ಹುಲ್ಲು ತೋರಿಸಿದ್ದರೆ ಘಟ್ಟವನ್ನೂ ಹತ್ತಿಬಿಡುತ್ತಿತ್ತು. ಆದರೆ ನನ್ನ ಹೆಂಡತಿ ಸಾಂತವ್ವ ಕೊಟ್ಟಿಗೆಯಲ್ಲಿ ಜಾಗ ಇಲ್ಲ ಅಂದಳು. ಅಲ್ಲೇ ಕಟ್ಟಿಹಾಕಿ ಬಂದೆ. ಕಡಲು ಬಂದದ್ದು ನಾನು ಹುಟ್ಟುವುದಕ್ಕೆ ನೂರೈವತ್ತು ವರ್ಷ ಮೊದಲು ಎಂದು ನಮ್ಮೂರಲ್ಲಿ ಕೆಲವರು ಆಡಿಕೊಳ್ಳುತ್ತಾರೆ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ.

ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು. ನಾನು ಕಲಿತದ್ದು ಇದೇ ಊರಿನ ಸಾಲಿಯಲ್ಲಿ, ನಾಲ್ಕನೇ ಇಯತ್ತೆಯ ತನಕ. ಐದನೆಯದಕ್ಕೆ ಮಾಸ್ತರರು ಇದ್ದರು, ಮೇಲೆ ಮಾಡು ಇರಲಿಲ್ಲ. ಮೇಲೆ ಬರೆದ ಬಿಸಿಲಮಾಸ ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಿಮಗೆ ಹನ್ನೆರಡೇ ತಿಂಗಳಿದ್ದವಂತೆ. ನಮ್ಮವರು ಒಂದೊಂದರಿಂದ ನಾಲ್ಕು ದಿನ ಕಿತ್ತು, ಚೈತ್ರ ವೈಶಾಖಗಳ ನಡುವೆ ಒಂದು ಹೊಸ ತಿಂಗಳು ತುರುಕಿದ್ದಾರೆ. ಆ ತಿಂಗಳು ಮದುವೆ ಇಲ್ಲ, ಮುಂಜಿ ಇಲ್ಲ, ನಿಂತು ಜಗಳ ಆಡುವುದೂ ಇಲ್ಲ. ಉಸಿರು ಹಿಡಿದುಕೊಂಡು ಆಚೆಗೆ ದಾಟುವುದೊಂದೇ ಕೆಲಸ. ನಾನು ಇದನ್ನು ಬರೆಯುತ್ತಿರುವಾಗಲೂ ಬೆವರು ಹನಿದು ಎರಡು ಸಾಲು ಅಳಿಸಿಹೋದವು. ಅವು ಒಳ್ಳೆಯ ಸಾಲುಗಳಾಗಿದ್ದವು. ಮತ್ತೆ ಬರೆಯಲು ತ್ರಾಣ ಇಲ್ಲ.

ಇಂಥ ಕಾಗದಕ್ಕೆ ನಾವು ಹಿಂದೋಲೆ ಅನ್ನುತ್ತೇವೆ, ಹಿಂದಿನವರಿಗೆ ಬರೆಯುವ ಓಲೆ. ವರ್ಷಕ್ಕೊಮ್ಮೆ ಊರಿಗೊಂದು. ಕೊಡದಲ್ಲಿಟ್ಟು ಬಾಯಿಗೆ ಅರಗು ಹಾಕಿ ಬಂದರಿಗೆ ಹೋಗುವ ಗಾಡಿಯಲ್ಲಿ ಕಳಿಸುತ್ತೇವೆ. ದೋಣಿಯವರು ಅದನ್ನು ಮುಳುಗಿದ ಕಾರವಾರದ ಮೇಲೆ ಒಯ್ದು, ಅಂಚೆ ಕಚೇರಿ ಇದ್ದ ಜಾಗ ನೋಡಿ ನೀರಿಗೆ ಬಿಡುತ್ತಾರೆ. ಕಚೇರಿಯ ಬಾಗಿಲು ಈಗಲೂ ತೆರೆದೇ ಇದೆ, ಮೀನುಗಳು ಒಳಗೆ ಹೊರಗೆ ಮಾಡುತ್ತವೆ ಎಂದು ಹೇಳುತ್ತಾರೆ. ನಿಮ್ಮ ಕಾಲದ ಅಂಚೆ ನಿಮಗೆ ಮುಟ್ಟಲೇಬೇಕಲ್ಲ ಎಂಬುದು ನಮ್ಮ ಲೆಕ್ಕ. ಈ ತನಕ ಯಾರಿಗೂ ಉತ್ತರ ಬಂದಿಲ್ಲ. ತಡವಾಗುವುದು ಅಂಚೆಯ ಗುಣವೇ ಇರಬೇಕು.

ಊರಿನ ವಿಷಯಕ್ಕೆ ಬರುತ್ತೇನೆ. ಎರೆಕೊಪ್ಪ ಎತ್ತರದ ಊರು. ನಿಮ್ಮ ಕಾಲದಲ್ಲಿ ಸುತ್ತ ನಾಲ್ಕು ದಿಕ್ಕಿಗೂ ಕಣ್ಣು ಸೋಲುವಷ್ಟು ಸಪಾಟು ಎರೆಹೊಲ ಇತ್ತು, ಕಪ್ಪಗೆ, ಮಳೆ ಬಿದ್ದರೆ ಚಪ್ಪಲಿ ಕಸಿದುಕೊಳ್ಳುವಂಥದು. ಊರು ಈಗಲೂ ಅಷ್ಟೇ ಎತ್ತರದಲ್ಲಿದೆ; ಸುತ್ತಲಿನ ನೆಲ ಇಳಿದಿದೆ. ಮಣ್ಣು ಮಾರಿದೆವು. ಹೊಲದ ಮೇಲೆ ಬೆಳೆದದ್ದನ್ನಲ್ಲ, ಹೊಲವನ್ನೇ ಬುಟ್ಟಿ ಬುಟ್ಟಿ ತುಂಬಿ ಗಾಡಿಗೆ ಹಾಕಿದೆವು. ಈಗ ಊರೊಳಗಿಂದ ಹೊಲಕ್ಕೆ ಹೋಗಬೇಕಾದರೆ ಏಣಿ ಇಳಿಯಬೇಕು. ಕೆಳಗೆ ಬರೀ ಗರಸು, ಕಾಲಿಟ್ಟರೆ ಕರಕರ ಅನ್ನುತ್ತದೆ. ಬದುಗಳನ್ನು ಯಾರೂ ಮಾರಲಿಲ್ಲ, ಯಾಕೆಂದರೆ ಬದು ಇಬ್ಬರದು. ಅವು ತೆಳ್ಳಗಿನ ಕರಿಗೋಡೆಗಳಾಗಿ ನಿಂತಿವೆ. ಬಾವಿಗಳು ನೆಲದಿಂದ ಮೇಲೆದ್ದು ಕೊಳವೆಗಳ ಹಾಗೆ ನಿಂತಿವೆ. ನಮ್ಮ ಹೊಲದ ಬನ್ನಿಗಿಡ ಒಂದು ಮಣ್ಣಿನ ಪೀಠದ ಮೇಲೆ ಬೇರು ಜೋಲಿಸಿಕೊಂಡು ಕೂತಿದೆ. ದಸರೆಗೆ ಬನ್ನಿ ಮುಡಿಯಲು ಅದಕ್ಕೂ ಏಣಿ ಹಾಕುತ್ತೇವೆ.

ಮಣ್ಣನ್ನು ಕೊಳ್ಳುವವರು ಯಾರು ಎಂದು ಕೇಳುತ್ತೀರಿ. ತೆಪ್ಪದವರು. ಅವರನ್ನು ಬೈಯುವ ಮುಂಚೆ ಅವರ ಕಥೆ ಕೇಳಬೇಕು. ಕಡಲು ಏರಿದಾಗ ಕರಾವಳಿಯ ಜನ ಗಂಟುಮೂಟೆ ಹೊತ್ತು ಘಟ್ಟದ ದಾರಿ ಹಿಡಿದರು. ಘಟ್ಟ ಹತ್ತಲು ಇದ್ದದ್ದೇ ನಾಲ್ಕೈದು ದಾರಿ. ಮೇಲಿನ ನಮ್ಮ ಹಿರಿಯರು ಆ ದಾರಿಗಳಿಗೆ ಅಡ್ಡ ತೊಲೆ ಇಟ್ಟು, ನೆಲದ ಬೆಲೆ ಕೇಳಿದರು. ಯಾರ ಕೈಯಲ್ಲಿ ಬಂಗಾರ ಇತ್ತೋ ಅವರು ದಾಟಿದರು. ಉಳಿದವರು ಇಳಿದುಹೋಗಿ ತೇಲುವುದನ್ನು ಕಲಿತರು. ಮುಳುಗಿದ ಊರುಗಳ ಕಬ್ಬಿಣ, ಪ್ಲಾಸ್ಟಿಕ್ ಡ್ರಮ್ಮು, ಹಡಗಿನ ಹೊಟ್ಟೆ ಎಲ್ಲ ಕಟ್ಟಿ ಹರದಾರಿಗಟ್ಟಲೆ ಉದ್ದದ ತೆಪ್ಪಗಳನ್ನು ಮಾಡಿದರು. ಮಂಗಳೂರು, ಕೊಚ್ಚಿ, ಕೊಲಂಬೊ, ಇನ್ನೂ ಎಲ್ಲೆಲ್ಲಿನವರೋ ಬಂದು ಕೂಡಿಕೊಂಡರು. ಅವರ ಹತ್ತಿರ ಎಲ್ಲ ಇದೆ, ಮಣ್ಣೊಂದು ಬಿಟ್ಟು. ಹಾಗಾಗಿ ನಮ್ಮ ಎರೆ ಅಲ್ಲಿ ಹರಡಿಕೊಳ್ಳುತ್ತದೆ, ಅದರಲ್ಲಿ ಅವರು ಜೋಳ ಬೆಳೆಯುತ್ತಾರೆ, ಆ ಜೋಳ ಬಂದರಿಗೆ ಬಂದು ನಮಗೇ ಮಾರಾಟವಾಗುತ್ತದೆ. ರೊಟ್ಟಿ ಸ್ವಲ್ಪ ಉಪ್ಪುಪ್ಪು. ಸಾಂತವ್ವ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದಾಳೆ.

ನಮ್ಮ ಸಿದ್ರಾಮ ಮಾಸ್ತರರು ಇದು ಹೊಸದಲ್ಲ ಅನ್ನುತ್ತಿದ್ದರು. ದೂರದಿಂದ ಹಡಗಿನವರು ಮೊದಲು ಬಂದದ್ದು ಮೆಣಸಿಗಂತೆ. ಮುಷ್ಟಿಯಲ್ಲಿ ಹಿಡಿಯುವ ಕಾಳು, ಕೊಟ್ಟರೆ ಏನಾಯಿತು ಅಂದುಕೊಂಡರು. ಆಮೇಲೆ ಬಂದವರು ಅರಳೆ ಕೇಳಿದರು. ತಮ್ಮ ಗಿರಣಿಗೆ ಹೊಂದುವ ಅಮೆರಿಕದ ಹತ್ತಿಬೀಜ ತಂದು ನಮ್ಮ ಎರೆಯಲ್ಲಿ ಹಾಕಿಸಿದರು, ಅದನ್ನು ಇಳಿಸುವುದಕ್ಕೆಂದೇ ಘಟ್ಟ ಕಡಿದು ಕಾರವಾರಕ್ಕೆ ದಾರಿ ಮಾಡಿದರು. ಹೋದದ್ದು ಅರಳೆ, ತಿರುಗಿ ಬಂದದ್ದು ಬಟ್ಟೆ. ಅದೇ ಘಟ್ಟ ಇಳಿದು ನಿಮ್ಮ ಕಾಲಕ್ಕೆ ಗುಡ್ಡಗಳು ಹೋದವು, ಕೆಂಪು ಅದಿರಾಗಿ, ಲಾರಿಯಲ್ಲಿ. ನೀವು ಕಣ್ಣಾರೆ ನೋಡಿದ್ದೀರಿ; ದಾರಿಯ ಎರಡೂ ಬದಿಯ ಎಲೆಗಳು ಕೆಂಪಗಿದ್ದವಂತಲ್ಲ. ನಮಗೆ ಉಳಿದದ್ದು ನೆಲ. ನಾವು ಅದನ್ನು ಕೊಟ್ಟೆವು. "ದಾರಿ ಅನ್ನೋದು ಹಸದ ದನ ಇದ್ದಂಗ ನೋಡ್ರೋ. ಒಂದ ಮೇವು ಮುಗದ್ರ ಇನ್ನೊಂದಕ್ಕ ಬಾಯಿ ಹಾಕತೈತಿ," ಎಂದು ಮಾಸ್ತರರು ಹೇಳಿ, ನಮಗೆ ಬರೆದುಕೊಳ್ಳಲು ಹೇಳುತ್ತಿದ್ದರು. ನಾನು ಬರೆದುಕೊಳ್ಳಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಮುಂದಿನವನ ಅಂಗಿಗೆ ಮುಳ್ಳು ಚುಚ್ಚುತ್ತಿದ್ದೆ.

ಮಣ್ಣಿಗೆ ತೆಪ್ಪದವರು ಕೊಡುವುದು ದುಡ್ಡಲ್ಲ. ದುಡ್ಡು ಕೊಟ್ಟರೆ ನಾವು ಏನು ಕೊಳ್ಳೋಣ? ಅವರು ಕೊಡುವುದು ತಂಪು. ಬಂದರಿನಲ್ಲಿ ಅವರ ತಂಪುಮನೆ ಇದೆ. ಕಡಲಿನ ಆಳದ ತಣ್ಣೀರನ್ನು ಕೊಳವೆಯಲ್ಲಿ ಎಳೆದು ಗೋಡೆಯೊಳಗೆ ಹರಿಸುತ್ತಾರೆ. ಒಳಗೆ ಹೋದರೆ ಹೊದ್ದುಕೊಳ್ಳಬೇಕಾಗುತ್ತದೆ. ಒಂದು ತಂಪು ಅಂದರೆ ಅಲ್ಲಿ ಒಬ್ಬರಿಗೆ ಒಂದು ರಾತ್ರಿಯ ನಿದ್ದೆ. ನಿಮಗೆ ನಗು ಬರಬಹುದು. ಬಿಸಿಲಮಾಸದಲ್ಲಿ ಸೂರ್ಯ ಮುಳುಗಿದ ಮೇಲೂ ಗೋಡೆ ಬೆವರುತ್ತದೆ, ಹಾಸಿಗೆ ಹಂಚಿನ ಹಾಗಿರುತ್ತದೆ, ನಿದ್ದೆಗೆಟ್ಟ ಜನ ಒಬ್ಬರ ಹೆಸರು ಹಿಡಿದು ಇನ್ನೊಬ್ಬರನ್ನು ಕರೆಯುತ್ತಾರೆ. ಬಿಸಿಲಬೇನೆ ಬಡಿದವರಿಗೆ ತಂಪು ಸಿಗದಿದ್ದರೆ ಅವರು ಮಳೆ ಕಾಣುವುದಿಲ್ಲ. ಹೊಲ ಮಾರಿದವರನ್ನು ಹಗುರಾಗಿ ಮಾತಾಡಬೇಡಿ.

ಅಳತೆ ಮೈಯದು. ಮೊಣಕಾಲುಮಟ್ಟ, ಸೊಂಟಮಟ್ಟ, ಎದೆಮಟ್ಟ, ಕಡೆಗೆ ಒಂದಾಳು. ಅಗೆದ ಗುಂಡಿಯಲ್ಲಿ ಒಬ್ಬನನ್ನು ನಿಲ್ಲಿಸಿ ನೋಡುವುದು. ನಿಲ್ಲುವವನನ್ನು ಮಾರುವವರೇ ತರಬೇಕೆಂದು ಕರಾರು. ಇಲ್ಲಿ ನನ್ನ ಬುದ್ಧಿ ನೋಡಿ: ನಾನು ನಮ್ಮ ಕುಳ್ಳ ರಾಚಪ್ಪನನ್ನು ಕರೆದುಕೊಂಡು ಹೋದೆ. ಅವನ ಎದೆ ಅಂದರೆ ಬೇರೆಯವರ ಸೊಂಟ. ನನ್ನದು ಎರಡು ಕೂರಿಗೆ ಹೊಲ, ಎದೆಮಟ್ಟಕ್ಕೆ ಮಾತಾಗಿತ್ತು. ರಾಚಪ್ಪ ಗುಂಡಿಯಲ್ಲಿ ಇಳಿದು, ಉಸಿರು ಬಿಟ್ಟು ಎದೆಯನ್ನು ಇನ್ನಷ್ಟು ಕೆಳಗಿಟ್ಟುಕೊಂಡು ನಿಂತ. ಕೊಳ್ಳಲು ಬಂದಿದ್ದ ತೆಪ್ಪದ ಇನಾಸ ಅವನನ್ನು ನೋಡಿ, "ಅಡಿವೆಪ್ಪಣ್ಣ, ಇವನು ನಿಂತಿದ್ದಾನಾ ಕೂತಿದ್ದಾನಾ ಮಾರಾಯ್ರೆ?" ಅಂದ. ರಾಚಪ್ಪನಿಗೆ ಸಿಟ್ಟು ಬಂದು, "ನಿಮ್ಮ ತೆಪ್ಪದ ಮ್ಯಾಲ ನಿಂದ್ರಸ್ರಿ, ಮುಳಗಿದ್ರ ಕೂತೀನಿ ಅಂತ ತಿಳಕೋರಿ," ಅಂದ. ಎಲ್ಲರೂ ನಕ್ಕೆವು. ಇನಾಸನೂ ನಕ್ಕ. ಅವನು ಕೆಟ್ಟವನಲ್ಲ. ಒಮ್ಮೆ ಊರಬಾಗಿಲ ಅಗಸಿಕಟ್ಟೆಯ ಮೇಲೆ ಕೂತು ಹೇಳಿದ್ದ: "ನಮ್ಮ ಅಜ್ಜನ ಅಜ್ಜ ನಿಮ್ಮ ಘಟ್ಟದ ತೊಲೆ ಹತ್ರ ಹೆಂಡ್ತಿ ಮಕ್ಳು ಕಟ್ಕೊಂಡು ನಿಂತಿದ್ದನಂತೆ. ಕಾಲಡಿಗೆ ಒಂದು ಹಾಸುವಷ್ಟು ಜಾಗ ಕೇಳಿದ. ಕೊಡ್ಲಿಲ್ಲ ಯಾರೂ. ಈಗ ನಾನು ಕೇಳೂದಿಲ್ಲ, ಕೊಳ್ತೇನೆ ಅಷ್ಟೇ." ನಾವು ಅವನಿಗೆ ಮಜ್ಜಿಗೆ ಕೊಟ್ಟೆವು.

ದರ ಕುದುರುವುದು ಮಾತ್ರ ವಲ್ಲಿಯ ಕೆಳಗೆ, ಹೆಗಲ ಮೇಲಿನ ವಸ್ತ್ರದ ಮರೆಯಲ್ಲಿ. ಇದು ನಿಮಗೂ ಗೊತ್ತಿರುವ ಪದ್ಧತಿ. ನಿಮ್ಮ ದನದ ಸಂತೆಗಳಿಂದಲೇ ನಮಗೆ ಬಂದದ್ದು. ಮಾರುವವನೂ ಕೊಳ್ಳುವವನೂ ಕೈಕೈ ಹಿಡಿದು, ಮೇಲೆ ಹೆಗಲ ವಲ್ಲಿ ಮುಚ್ಚಿ, ಬೆರಳು ಹಿಡಿದು ಬಿಟ್ಟು ಲೆಕ್ಕ ಮಾಡುತ್ತಾರೆ. ಬಾಯಿ ಬೇರೆ ಮಾತಾಡುತ್ತಿರಬೇಕು, ಮುಖ ಕಲ್ಲಾಗಿರಬೇಕು. ಒಪ್ಪಿಗೆ ಇಲ್ಲದವನು ಕೈ ಎಳೆದುಕೊಂಡು ಎದ್ದುಹೋಗಬೇಕು. ಎಳೆದುಕೊಂಡ ಕೈಯ ಹಿಂದೆ ಕೊಳ್ಳುವವನು ಬಂದೇ ಬರುತ್ತಾನೆ. ಆ ದರವನ್ನು ಹೊರಗೆ ಹೇಳಬಾರದು. ಹೆಂಡತಿಗೂ ಹೇಳಬಾರದು. ಹಿರಿಯರು ಇದನ್ನು ಮಾಡಿದ್ದು ಒಳ್ಳೆಯ ಮನಸ್ಸಿನಿಂದ: ಬಡವನು ಕಷ್ಟಕ್ಕೆ ಸಿಕ್ಕು ಎತ್ತನ್ನು ಅಗ್ಗಕ್ಕೆ ಕೊಟ್ಟರೆ ಸಂತೆಯೆಲ್ಲ ಅವನನ್ನು ನೋಡಿ ಅಯ್ಯೋ ಅನ್ನಬಾರದು ಅಂತ. ಮಾನ ಮುಚ್ಚುವ ಬಟ್ಟೆ ಅದು. ತೆಪ್ಪದವರು ಈ ಪದ್ಧತಿಯನ್ನು ಕಂಡು ಬಹಳ ಮೆಚ್ಚಿಕೊಂಡರು. ತಮ್ಮದೇ ವಲ್ಲಿ ನೇಯಿಸಿಕೊಂಡರು, ಅಂಚಿಗೆ ಮೀನಿನ ಕಸೂತಿ ಹಾಕಿಸಿ. ನಮ್ಮ ಸುತ್ತಿನ ಏಳು ಊರಿನ ಮನೆಮನೆಗೂ ಬಂದು ಒಬ್ಬೊಬ್ಬರ ಕೈಯನ್ನು ಬೇರೆ ಬೇರೆ ಹಿಡಿದರು. ಅರವತ್ತು ವರ್ಷದ ಈ ಮಣ್ಣಿನ ವ್ಯಾಪಾರದಲ್ಲಿ ಯಾರ ಹೊಲ ಎಷ್ಟಕ್ಕೆ ಹೋಯಿತು ಎಂಬುದು ಪೂರ್ತಿ ಗೊತ್ತಿರುವುದು ಅವರಿಗೆ ಮಾತ್ರ. ನಮ್ಮಲ್ಲಿ ಬದುವಿಗೆ ಬದು ಹತ್ತಿದವನಿಗೂ ಪಕ್ಕದವನ ದರ ಗೊತ್ತಿಲ್ಲ. ಕೇಳುವುದು ಅವನ ಬಟ್ಟೆ ಎಳೆದ ಹಾಗೆ.

ನಾನು ಹೊಲ ಕೊಟ್ಟು ಬಂದ ದಿನ ಅಗಸಿಕಟ್ಟೆಯಲ್ಲಿ ಎಲ್ಲರೂ ಕೂತಿದ್ದರು. ಯಾರೂ ಕೇಳಲಿಲ್ಲ. ಕೇಳದೆ ಸುಮ್ಮನೆ ನೋಡಿದರು, ಅದು ಕೇಳುವುದಕ್ಕಿಂತ ಕಷ್ಟ. ನಾನು, "ನಾಕುನೂರು," ಅಂದೆ. ದರ ಹೇಳಬಾರದು ಎಂಬುದು ಪದ್ಧತಿ. ಹುಸಿ ದರ ಹೇಳಬಾರದು ಎಂದು ಯಾರೂ ಹೇಳಿಲ್ಲವಲ್ಲ. ನಾಲ್ಕುನೂರು ತಂಪು ಅಂದರೆ ಒಂದು ಬಿಸಿಲಮಾಸಕ್ಕೆ ಒಂದು ಮನೆತನ ಪೂರ್ತಿ ಮಲಗುವಷ್ಟು. ಕಟ್ಟೆಯ ಮೇಲಿನ ಮುಖಗಳು ಒಮ್ಮೆಲೇ ಕೆಳಗಾದವು. ಆಗ ನನಗೆ ಅದು ಹೊಟ್ಟೆಕಿಚ್ಚು ಅನ್ನಿಸಿತು, ಖುಷಿಯಾಯಿತು. ಅವರವರ ದರ ನೆನೆದು ನಾಚಿಕೊಂಡದ್ದು ಎಂದು ಈಗ ತಿಳಿಯುತ್ತದೆ. ಅಂದಿನಿಂದ ಯಾರಾದರೂ ಬಾಯಿ ಬಿಡುವ ಹಾಗಿದ್ದರೂ ಬಿಡಲಿಲ್ಲ. ನಾಲ್ಕುನೂರರ ಮುಂದೆ ತಮ್ಮದನ್ನು ಯಾರು ಇಟ್ಟಾರು?

ಮನೆಯಲ್ಲಿ ಮಾತ್ರ ಈ ಲೆಕ್ಕ ನಡೆಯಲಿಲ್ಲ. ಸಾಂತವ್ವ ಬಂದರಿನ ತಂಪುಮನೆಯಿಂದ ಆರಾಮಾಗಿ ಬಂದ ಮೇಲೆ ರೊಟ್ಟಿ ಬಡಿಯುತ್ತಾ ಕೇಳಿದಳು: "ನಾಕುನೂರಾಗ ಒಂಬತ್ತು ನಾ ಮಲಗೀನಿ. ಉಳದಾವು ಯಾರ ಮಲಗ್ಯಾರ್ರೀ, ನಿಮ್ಮ ಎತ್ತ?" ಕಷ್ಟದಲ್ಲಿದ್ದವರಿಗೆ ಕೈಗಡ ಕೊಟ್ಟಿದ್ದೇನೆ ಅಂದೆ. "ನಿಮಗಿಂತ ಕಷ್ಟದಾಗ ಇದ್ದಾವ್ರು ಯಾರದಾರ ಈ ಊರಾಗ, ನಾ ಒಮ್ಮಿ ನೋಡಬೇಕವ್ರನ್ನ," ಅಂದಳು. ಆಮೇಲೆ ಅವಳು ಆ ಮಾತು ಎತ್ತಿಲ್ಲ. ಎತ್ತದೇ ಇರುವುದರಲ್ಲಿ ಅವಳ ಕೈ ನುರಿತದ್ದು.

ಈಗ ಇರುವ ಸಂಕಟ ಹೇಳುತ್ತೇನೆ. ಏಳು ಊರಿನ ನಡುವೆ ಮಾರದೆ ಉಳಿದ ನೆಲ ಒಂದೇ ಒಂದು: ಬೀಜದ ಹೊಲ. ಎಂಟು ಕೂರಿಗೆ, ಒಂದಾಳು ಎರೆ. ಅದು ಯಾರೊಬ್ಬರದೂ ಅಲ್ಲ. ವರ್ಷಕ್ಕೊಂದು ಊರಿನವರು ಬಿತ್ತಿ, ಜೋಳ, ಕುಸುಬಿ, ಹತ್ತಿ, ಕಡಲೆ ಎಲ್ಲದರ ಬೀಜ ಉಳಿಸಿಕೊಳ್ಳುತ್ತೇವೆ. ತಿನ್ನುವುದಕ್ಕೆ ಸಾಲದು, ಆದರೆ ಮುಂದೆ ಎಂದಾದರೂ ಹೊಳೆ ತುಂಬಿ ಮಣ್ಣು ತಂದು ಹಾಕಿದರೆ ಬಿತ್ತಲು ಬೀಜವಾದರೂ ಇರಲಿ ಅಂತ. ಬೀಜದ ಗಡಿಗೆಗಳನ್ನು ಕಾಯುವವಳು ನನ್ನ ಅಕ್ಕನ ಮಗಳು ಫಕೀರವ್ವ. ಈ ವರ್ಷ ತೆಪ್ಪದವರು ಆ ಹೊಲ ಕೇಳಿದ್ದಾರೆ. ಏಳು ಊರಿನ ಪರವಾಗಿ ಯಾರಾದರೂ ಒಬ್ಬರು ವಲ್ಲಿಯ ಕೆಳಗೆ ಕೈ ಕೊಟ್ಟರೆ ಸಾಕು ಅಂದಿದ್ದಾರೆ.

ಇವತ್ತು ಬೆಳಿಗ್ಗೆ ಏಳು ಊರಿನ ಕೂಟ ಸೇರಿತು. ಫಕೀರವ್ವ ಎದ್ದು ನಿಂತು, "ಮಾರೂದು ಬಿಡೂದು ಆಮ್ಯಾಲ. ಮೊದಲ ಎಲ್ಲಾರೂ ನಿಮ್ಮ ನಿಮ್ಮ ಹೊಲ ಎಷ್ಟಕ್ಕ ಕೊಟ್ರಿ ಅಷ್ಟ ಹೇಳ್ರಿ. ಅವರು ನಮಗ ಏನ ಕೊಟ್ಟಾರ ಅನ್ನೂದು ನಮಗ ಗೊತ್ತಾಗಲಿ," ಅಂದಳು. ಕೂತವರು ತಮ್ಮ ತಮ್ಮ ವಲ್ಲಿಯ ಅಂಚು ಸರಿಮಾಡಿಕೊಂಡರು. ಕಡೆಗೆ ಮೇಲಿನ ಊರಿನ ಬಸಲಿಂಗಜ್ಜ ಕೆಮ್ಮಿ, "ಹಾಸಿಗಿ ಮಾತು ಅಗಸ್ಯಾಗ ಕೇಳಿದಂಗಾತಲ್ಲವಾ ತಂಗಿ. ನಮ್ಮ ಹಿರೇರು ವಲ್ಲಿ ಮುಚ್ಚಿದ್ದು ನೀ ತಗೀಲಿ ಅಂತಲ್ಲ," ಅಂದರು. ಆಮೇಲೆ ಅವರೇ, "ಕಳಸೂದಿದ್ರ ಅಡಿವೆಪ್ಪನ್ನ ಕಳಸ್ರಿ. ನಾಕುನೂರು ತಂದ ಕೈ ಅದು," ಅಂದರು. ಜನರಲ್ಲಿ ಒಂದು ಗುಜುಗುಜು ಎದ್ದಿತು. ಎರಡು ಕೂರಿಗೆಗೆ ನಾಲ್ಕುನೂರಾದರೆ ಎಂಟು ಕೂರಿಗೆಗೆ ಎಷ್ಟು ಎಂದು ನೆಲದ ಮೇಲೆ ಗೀಚಿದರು, ಅದರ ಮೇಲೆ ಒಂದಾಳು ಆಳ ಬೇರೆ. ಯಾವ ಮನೆಗೆ ಎಷ್ಟು ತಂಪು, ಮೊದಲು ಬಾಣಂತಿಯರು ಮಲಗಬೇಕೋ ಮುದುಕರು ಮಲಗಬೇಕೋ ಎಂದು ಹೆಂಗಸರು ಆಗಲೇ ವಾದಕ್ಕೆ ನಿಂತರು. ಬಹಳ ದಿನಗಳ ಮೇಲೆ ಈ ಜನ ನಿದ್ದೆಯ ಮಾತಾಡಿ ನಕ್ಕದ್ದನ್ನು ನೋಡಿದೆ. ನಾನೂ ಎದ್ದು ನಿಂತು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡೆ. ಚಪ್ಪಾಳೆ ಬಿತ್ತು.

ಕೂಟ ಮುಗಿದ ಮೇಲೆ ಫಕೀರವ್ವ ಮನೆಗೆ ಬಂದಳು. ಹಿತ್ತಲಿನಿಂದ ಹೊಲಕ್ಕಿಳಿಯುವ ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತು ನೀರು ಕುಡಿದಳು. "ಮಾವಾ, ಇನಾಸ ನಾಡದ ಬರತಾನ," ಅಂದಳು. "ಬರಲಿ ಬಿಡವಾ, ನಾ ಹಾಕೂ ಪಟ್ಟಿಗೆ ಅವ ತೆಪ್ಪಾನೂ ಬಿಟ್ಟು ಹೋಗಬೇಕು," ಅಂದೆ. ಅವಳು ನಗಲಿಲ್ಲ. "ಒಂದ ಕೇಳತೀನಿ. ನಾಕುನೂರು ಖರೇನ ಇದ್ರ, ನಾನೂ ನಿನ್ನ ಕೂಡ ಬರತೀನಿ. ಬೀಜದ ಗಡಿಗಿ ನಾನ ಅವರ ಗಾಡೀಗೆ ಹೇರತೀನಿ. ಮಂದಿ ನಿದ್ದಿ ಮಾಡಲಿ. ಖರೇ ಅಲ್ಲಂದ್ರ, ಇದ್ದ ಒಂದ ಹೊಲಾನೂ ಹಂಗ ಹೊಕ್ಕೈತಿ, ಮಾವಾ." ನಾನು ಮೀಸೆ ತಿರುವಿದೆ. ಅದೊಂದು ಅಭ್ಯಾಸ, ಕೈಗೆ ಬೇರೆ ಕೆಲಸ ಗೊತ್ತಿಲ್ಲ. ಅವಳು ಚೊಂಬು ಕೆಳಗಿಟ್ಟು ಎದ್ದು, "ನೀ ಈಗ ಹೇಳಬ್ಯಾಡ. ನಿನಗ ಆಗೂದಿಲ್ಲ ಅಂತ ನನಗ ಗೊತ್ತೈತಿ. ಈ ಸಲದ ಹಿಂದೋಲಿ ಬರಿಯೂ ಪಾಳಿ ನಿಂದು, ಅಷ್ಟ ನೆನಪಿಡು," ಅಂದು ಹೋದಳು.

ಹೀಗಾಗಿ ಬರೆಯಲು ಕೂತಿದ್ದೇನೆ. ವಲ್ಲಿಯ ಕೆಳಗಿನ ದರ ಬದುಕಿದ್ದವರಿಗೆ ಹೇಳಬಾರದು ಎಂಬುದು ಪದ್ಧತಿ. ನೀವು ಬದುಕಿಲ್ಲ; ಹೀಗೆ ಮುಖದ ಮೇಲೆ ಹೇಳಿದ್ದಕ್ಕೆ ಕ್ಷಮಿಸಿ. ಹಿಂದೋಲೆಯನ್ನು ಕೊಡದಲ್ಲಿ ಮುಚ್ಚುವ ಮುಂಚೆ ಕೂಟದ ಎದುರು ಗಟ್ಟಿಯಾಗಿ ಓದುತ್ತಾರೆ, ಯಾರೂ ಹಿರಿಯರ ಹತ್ತಿರ ನೆರೆಮನೆಯವರ ಚಾಡಿ ಹೇಳಬಾರದೆಂದು. ನಾಳೆ ಓದುವವಳು ಫಕೀರವ್ವ. ನಾನು ನಿಮಗೆ ಹೇಳಿದ್ದನ್ನು ಅವರು ಕೇಳಿಸಿಕೊಂಡರೆ ಅದು ನನ್ನ ತಪ್ಪಲ್ಲ. ಇಷ್ಟು ಬುದ್ಧಿ ನನಗಲ್ಲದೆ ಬೇರೆ ಯಾರಿಗೆ ಬರುತ್ತದೆ, ಹೇಳಿ. ಆ ಹುಡುಗಿಗೂ ಬಂತು ಅನ್ನುವುದು ಬೇರೆ ಮಾತು.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನಿಮ್ಮ ಹತ್ತಿರವೂ ಯಾರೋ ದೂರದವರು ಬರುತ್ತಿರಬಹುದು, ಬೆಟ್ಟವನ್ನೋ ನೀರನ್ನೋ ಇನ್ನೇನನ್ನೋ ಕೇಳಿಕೊಂಡು. ಅವರು ಕೆಟ್ಟವರೇ ಇರಬೇಕೆಂದಿಲ್ಲ, ಅವರ ಅಜ್ಜನನ್ನು ನಿಮ್ಮ ಅಜ್ಜ ಬಾಗಿಲಲ್ಲಿ ನಿಲ್ಲಿಸಿದ್ದಿರಬಹುದು. ಆದರೆ ಅವರು ಒಬ್ಬೊಬ್ಬರನ್ನೇ ಬೇರೆ ಕರೆದು ಕೈ ಹಿಡಿದರೆ, ಮನೆಗೆ ಹೋಗುವ ದಾರಿಯಲ್ಲಿ ಪಕ್ಕದವನಿಗೆ ದರ ಹೇಳಿಬಿಡಿ. ಅಗ್ಗವಾಗಿದ್ದರೆ ಇನ್ನೂ ಬೇಗ ಹೇಳಿ. ಮಾನ ಹೋಗುತ್ತದೆ, ನಿಜ. ಮಾನ ಮತ್ತೆ ಬೆಳೆಯುತ್ತದೆ ಅಂತ ಕೇಳಿದ್ದೇನೆ. ಎರೆ ಬೆಳೆಯುವುದಿಲ್ಲ.

ನನ್ನದನ್ನು ಹೇಳುತ್ತೇನೆ. ಸಾಂತವ್ವನಿಗೆ ಬಿಸಿಲಬೇನೆ ಬಡಿದು ಐದಾರು ದಿನವಾಗಿತ್ತು. ನನ್ನನ್ನು ತನ್ನ ತಮ್ಮನ ಹೆಸರು ಹಿಡಿದು ಕರೆಯುತ್ತಿದ್ದಳು. ಇನಾಸ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮೀನಿನಂಚಿನ ವಲ್ಲಿ ಹಾಸಿ ಕೈ ಚಾಚಿದ. ನಾನು ದರ ಕುದುರಿಸುವುದರಲ್ಲಿ ಏಳು ಊರಲ್ಲೂ ಹೆಸರಾದವ. ಎಂಥ ಎತ್ತಿನ ವ್ಯಾಪಾರದಲ್ಲೂ ಮೂರು ಸಲ ಕೈ ಎಳೆದುಕೊಳ್ಳದೆ ಮಾತು ಮುಗಿಸಿದವನಲ್ಲ. ಆದರೆ ಅವನು ನೇರ ತಂಪುಮನೆಯಿಂದ ಬಂದಿದ್ದ, ತಣ್ಣೀರಿನ ಚೀಲದಲ್ಲಿ ಕೈ ಇಟ್ಟುಕೊಂಡಿದ್ದ. ಅವನ ಕೈ ತಣ್ಣಗಿತ್ತು. ಬೇಕೆಂದೇ ಇಟ್ಟುಕೊಂಡಿದ್ದನೋ, ಬಿಸಿಲಿಗೆ ಇಟ್ಟುಕೊಂಡಿದ್ದನೋ, ನಾನರಿಯೆ. ಮೊದಲ ದರ ಹಿಡಿದ. ನಾನು ಕೈ ಎಳೆದುಕೊಂಡು ಎದ್ದುಹೋಗಬೇಕಾಗಿತ್ತು. ಎಳೆದುಕೊಳ್ಳಲಿಲ್ಲ. ಬಿಡಲು ಮನಸ್ಸಾಗಲಿಲ್ಲ. ಅವನೂ ಆಶ್ಚರ್ಯದಿಂದ ನನ್ನ ಮುಖ ನೋಡಿದ, ಇನ್ನೂ ಕೇಳುತ್ತಾನೆ ಎಂದು ಕಾದ. ನಾನು ಸುಮ್ಮನೆ ಆ ಕೈ ಹಿಡಿದುಕೊಂಡು ಕೂತೆ.

ಎರಡು ಕೂರಿಗೆ, ಎದೆಮಟ್ಟ ಎರೆ. ಹನ್ನೊಂದು ತಂಪು.

ಬಸಲಿಂಗಜ್ಜ, ನೀವೂ ಕೇಳಿಸಿಕೊಳ್ಳುತ್ತಿದ್ದೀರಿ. ನಾಲ್ಕುನೂರಲ್ಲ, ನಲವತ್ತೂ ಅಲ್ಲ. ಒಂಬತ್ತು ರಾತ್ರಿ ಸಾಂತವ್ವ ಮಲಗಿದಳು. ಎರಡು ರಾತ್ರಿ ನಾನು ಮಲಗಿದೆ. ಚೆನ್ನಾಗಿ ನಿದ್ದೆ ಬಂತು.